ಗುಲ್ವೆನ್ ಮೇಲೊಂದು ಕಣ್ಣು

ಮಾರ್ಚ್ 3, ಸೋಮವಾರ. ರೌಂಡ್ ರಾಕ್

ಇವತ್ತು ಊಟದ ಹೊತ್ತಿಗೆ ಚಿಕ್ಕಪ್ಪ ನನಗೊಂದು ಕೆಲಸ ಕೊಟ್ಟರು. ಎಂ.ಎ. ಮುಗಿಸಿ ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಿಂದ ಇವರ ಮನೆಗೆ ಬಂದ ಮೇಲೆ ಸಿಕ್ಕ ಮೊದಲ ಕೆಲಸ ಇದೇ.

"ನಿಂಗೆ ಫ್ರೆಂಚ್ ಬರುತ್ತಲ್ಲ ತುಂಗಾ?"

"ಓದಕ್ಕೆ ಬರುತ್ತೆ ಚಿಕ್ಕಪ್ಪ. ಯಾರಾದ್ರೂ ಮಾತಾಡಿದ್ರೆ ಅರ್ಥ ಆಗುತ್ತೆ. ನಾನು ಮಾತಾಡೋದು ಅಷ್ಟಕ್ಕಷ್ಟೆ."

"ಕನ್ನಡದಲ್ಲೂ ಅಷ್ಟಕ್ಕಷ್ಟೇ ಅಲ್ವೇನೆ" ಎಂದರು ಉಷಾ ಚಿಕ್ಕಮ್ಮ, ಸಾರು ಬಡಿಸುತ್ತ.

"ಮಾತಾಡೋದೇ ಬೇಡ. ಕೇಳಿಸ್ಕೊಂಡ್ರೆ ಸಾಕು. ನಿಂಗೆ ಬರುತ್ತೆ ಅಂತ ಮಾತ್ರ ಅವನಿಗೆ ಗೊತ್ತಾಗ್ಬಾರ್ದು."

ಅವನು ಎಂದರೆ ಗುಲ್ವೆನ್ ಕೆರ್ದ್ರಾನ್, ದಿಯಾಳ ಸೈಕ್ಲಿಂಗ್ ಕೋಚ್. ಚಿಕ್ಕಪ್ಪನ ಮಗಳು ದಿಯಾಳಿಗೆ ಈಗ ಹದಿನೇಳು. ಈ ಸಲ ಅವಳಿಗೆ ಮೂರು ರೇಸ್‌ಗಳಿವೆ: ಮೊದಲು ಹ್ಯೂಸ್ಟನ್, ಆಮೇಲೆ ಡಲ್ಲಾಸ್, ಕೊನೆಗೆ ಇಲ್ಲೇ ಆಸ್ಟಿನ್. ಆಸ್ಟಿನ್ ರೇಸ್ ನೋಡಲು ದೊಡ್ಡ ಕಾಲೇಜೊಂದರ ತಂಡದವರು ಬರುತ್ತಾರಂತೆ. ಅಲ್ಲಿ ಗೆದ್ದ ಹುಡುಗಿಗೆ ಆ ಕಾಲೇಜಿನ ಬಾಗಿಲು ತೆರೆದ ಹಾಗೆಯೇ.

"ಫ್ರಾನ್ಸ್‌ನಲ್ಲಿ ಹನ್ನೊಂದು ವರ್ಷ ಪ್ರೊಫೆಷನಲ್ ಆಗಿದ್ನಂತೆ" ಎಂದರು ಚಿಕ್ಕಪ್ಪ. "ಅಂಥವನು ಫ್ಲೂಗರ್‌ವಿಲ್‌ನಲ್ಲಿ ಗ್ಯಾರೇಜಲ್ಲಿ ಕೂತ್ಕೊಂಡು ನಮ್ಮಕ್ಕಳಿಗೆ ಯಾಕೆ ಹೇಳಿಕೊಡ್ತಾನೆ? ಏನೋ ಇದೆ. ಆ ಆಟದಲ್ಲಿ ಇಂಜೆಕ್ಷನ್ನು ಗಿಂಜೆಕ್ಷನ್ನು ಎಲ್ಲಾ ಮಾಮೂಲು. ನೀನು ದಿಯಾ ಜೊತೆ ಹೋಗ್ತಾ ಬಾ. ಒಂದು ಕಣ್ಣಿಟ್ಟಿರು."

ನಾನು ಹೂಂ ಎಂದೆ. ಇಲ್ಲ ಎನ್ನುವುದಕ್ಕೆ ಹೂಂ ಎನ್ನುವುದಕ್ಕಿಂತ ಹೆಚ್ಚು ಮಾತು ಬೇಕಾಗುತ್ತದೆ.

ಮಾರ್ಚ್ 8, ಶನಿವಾರ

ಅವನಿಗೆ ಐವತ್ತರ ಹತ್ತಿರ ಇರಬೇಕು. ಮುಖ ಮುದುಕನದು, ಕಾಲು ಹುಡುಗನದು. ಮಾತಾಡುವಾಗ ಮುಖ ನೋಡುವುದಿಲ್ಲ. ಕೈ ಸದಾ ಯಾವುದಾದರೊಂದು ಚಕ್ರವನ್ನು ತಿರುಗಿಸುತ್ತಿರುತ್ತದೆ. ಏನನ್ನೋ ಮುಚ್ಚಿಡುವವರ ಲಕ್ಷಣ ಇದು ಎಂದು ನನ್ನ ಅಭಿಪ್ರಾಯ. (ನಾನೂ ಮುಖ ನೋಡುವುದಿಲ್ಲ. ಅದು ಬೇರೆ.)

ಗ್ಯಾರೇಜಿನ ಮೂಲೆಯಲ್ಲಿ ಸಣ್ಣ ಫ್ರಿಜ್ ಇದೆ. ಸವಾರಿಗೆ ಹೊರಡುವ ಮುಂಚೆ ಅದರಿಂದ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಚೌಕದ ಪೊಟ್ಟಣಗಳನ್ನು ತೆಗೆದು ಪ್ರತಿಯೊಬ್ಬ ಹುಡುಗಿಗೂ ಕೊಟ್ಟ. ಅವರು ಏನೂ ಕೇಳದೆ ಬೆನ್ನಿನ ಜೇಬಿಗೆ ಹಾಕಿಕೊಂಡರು. ಒಂದನ್ನು ನಾನು ಕೈಚೀಲಕ್ಕೆ ಸೇರಿಸಿ, ಮನೆಗೆ ಬಂದು ಬಿಚ್ಚಿ ನೋಡಿದೆ. ಅನ್ನ. ಸಕ್ಕರೆ, ದಾಲ್ಚಿನ್ನಿ ಹಾಕಿ ಅದುಮಿದ ಅನ್ನ.

ಚಿಕ್ಕಮ್ಮ ಒಂದಿಷ್ಟು ಬಾಯಿಗೆ ಹಾಕಿಕೊಂಡು, "ತುಪ್ಪ ಇಲ್ಲ, ಏಲಕ್ಕಿ ಇಲ್ಲ. ಪಾಪ" ಎಂದರು.

ಆದರೆ ಅನ್ನದಲ್ಲಿ ಏನು ಬೇಕಾದರೂ ಬೆರೆಸಬಹುದು.

ಹುಡುಗಿಯರ ಹಿಂದೆ ಶನಿವಾರ ದೊಡ್ಡವರದೂ ಒಂದು ಗುಂಪು ಹೋಗುತ್ತದೆ. ಅದರಲ್ಲಿ ಹುಬ್ಬಳ್ಳಿಯ ಇರಣ್ಣ ಅಂಕಲ್ ಇದ್ದಾರೆ. ಫ್ಲೂಗರ್‌ವಿಲ್‌ನಲ್ಲಿ ಗ್ರಾನೈಟ್ ವ್ಯಾಪಾರ, ದೊಡ್ಡ ಹೊಟ್ಟೆ, ಅದರ ಮೇಲೆ ಬಿಗಿಯಾದ ಹಳದಿ ಅಂಗಿ. "ನೋಡಬ್ಯಾಡವಾ ತುಂಗವ್ವ, ಈ ಚಡ್ಡಿ ಹಾಕ್ಕೊಂಡು ಊರಿಗೆ ಹೋದ್ರ ನಮ್ಮವ್ವ ಒಳಗ ಬಿಟ್ಟುಕೊಳ್ಳಂಗಿಲ್ಲ" ಎಂದರು. ಇಷ್ಟು ದಪ್ಪ ಇದ್ದೂ ಅವರು ಎಲ್ಲರ ಜೊತೆಗೇ ವಾಪಸ್ ಬಂದದ್ದು ಹೇಗೆ ಎಂದು ದಿಯಾ ರೇಗಿಸಿದಳು.

"ಗಾಳಿ ಎಲ್ಲಾ ಮುಂದಿನವನ ಎದಿಗೆ ಹತ್ತತೈತಿ. ಅವನ ಬೆನ್ನಿಗೆ ಅಂಟಿಕೊಂಡು ಹಿಂದ ಇದ್ರ ನಮಗ ಅರ್ಧಾ ಕೆಲಸ. ನಾ ಯಾವಾಗ್ಲೂ ಹಿಂದ. ನಮ್ಮಾಕಿ ಅಂತಾಳ, ಸಂಸಾರದಾಗೂ ಹಂಗ ಅಂತ."

ಗುಲ್ವೆನ್ ನಗಲಿಲ್ಲ. ಭಾಷೆ ಬರದೆ ಇರಬಹುದು. ಅಥವಾ ಗಮನ ಬೇರೆಲ್ಲೋ ಇರಬಹುದು.

ಮಾರ್ಚ್ 12, ಬುಧವಾರ

ಕೆಲಸಕ್ಕೆ ಅರ್ಜಿ ಹಾಕುವ ನೆಪದಲ್ಲಿ ಬೆಳಗ್ಗೆ ಪೂರ್ತಿ ಅವನನ್ನೇ ಇಂಟರ್‌ನೆಟ್‌ನಲ್ಲಿ ಹುಡುಕಿದೆ. ಹನ್ನೊಂದು ವರ್ಷ ಎಂಬುದು ಸುಳ್ಳಲ್ಲ. ಮೂರು ತಂಡಗಳು, ನೂರಾರು ರೇಸ್‌ಗಳು. ಆದರೆ ಒಂದನ್ನೂ ಗೆದ್ದಿಲ್ಲ! ಎಲ್ಲಿ ನೋಡಿದರೂ ನೂರರ ಆಚೆಯ ಸ್ಥಾನ. ಎಷ್ಟೋ ಕಡೆ ಹೆಸರಿನ ಎದುರು 'ಮುಗಿಸಲಿಲ್ಲ' ಎಂದಿದೆ. ನಡುವೆ ಒಂದು ವರ್ಷ ಪೂರ್ತಿ ಖಾಲಿ.

ಚಿಕ್ಕಪ್ಪನಿಗೆ ತೋರಿಸಿದೆ. ಅವರು ಎಸ್ಸೆಸ್ಸೆಲ್ಸಿಯಲ್ಲಿ ರ‍್ಯಾಂಕ್ ಬಂದವರು. ಮಂತ್ರಿಯೊಬ್ಬರಿಂದ ಹಾರ ಹಾಕಿಸಿಕೊಳ್ಳುತ್ತಿರುವ ಫೋಟೊ ಮೈಸೂರಿನಿಂದ ಇಲ್ಲಿಯ ಲಿವಿಂಗ್ ರೂಮಿನವರೆಗೂ ಬಂದಿದೆ.

"ನೂರಾ ಹನ್ನೆರಡನೇ ರ‍್ಯಾಂಕು! ಇವನು ನನ್ ಮಗಳಿಗೆ ಗೆಲ್ಲೋದು ಹೇಳಿಕೊಡ್ತಾನಾ?"

ನನ್ನ ಪ್ರಶ್ನೆ ಅದಲ್ಲ. ಹನ್ನೊಂದು ವರ್ಷ ಗೆಲ್ಲದವನನ್ನು ಹನ್ನೊಂದು ವರ್ಷ ಕೆಲಸಕ್ಕೆ ಇಟ್ಟುಕೊಂಡವರು ಯಾರು? ಯಾತಕ್ಕೆ?

ಮಾರ್ಚ್ 16, ಭಾನುವಾರ. ಹ್ಯೂಸ್ಟನ್

ದಿಯಾ ಗೆದ್ದಳು.

ಊರಿನ ಪಶ್ಚಿಮಕ್ಕೆ ಕಣ್ಣು ಹರಿದಷ್ಟೂ ಬಯಲು. ಮರವಿಲ್ಲ, ದಿಬ್ಬವಿಲ್ಲ, ಬರೀ ಸಮುದ್ರದ ಕಡೆಯ ಗಾಳಿ. ನನ್ನ ಟೋಪಿ ಎರಡು ಸಲ ಹಾರಿ ಹೋಯಿತು. ದಿಯಾಳ ತಂಡದಲ್ಲೇ ಮಾರಿಸೋಲ್ ಎಂಬ ಹುಡುಗಿ ಇದ್ದಾಳೆ. ಅವಳು ತಾನೇ ಗೆಲ್ಲುವವಳಂತೆ ಎಲ್ಲರ ಮುಂದೆ ತುಳಿದು ತುಳಿದು ಕೊನೆಯ ತಿರುವಿನಲ್ಲಿ ಸೋತು ಪಕ್ಕಕ್ಕೆ ಸರಿದಳು. ಅವಳ ಬೆನ್ನ ಹಿಂದಿದ್ದ ದಿಯಾ ಬಾಣದಂತೆ ಮುಂದೆ ಹೋದಳು. ಮಾರಿಸೋಲ್ ಮಾತ್ರ ಕೊನೆಯವಳಾಗಿ ಬಂದಳು. ಪಾಪ, ಶಕ್ತಿಯನ್ನು ಉಳಿಸಿಕೊಂಡು ಬಳಸುವುದು ಗೊತ್ತಿಲ್ಲ.

ಚಿಕ್ಕಪ್ಪ ಕುಣಿದೇಬಿಟ್ಟರು. ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಕ್ಷಣದಲ್ಲಿ ಫೋಟೊ ಹೋಯಿತು.

ಒಂದು ವಿಷಯ ಬರೆದಿಡಬೇಕು. ರೇಸ್ ಮುಗಿದಾಗ ಗುಲ್ವೆನ್ ದಿಯಾಳ ಬಳಿ ಬರಲಿಲ್ಲ. ನೇರ ಮಾರಿಸೋಲ್‌ಳ ಬಳಿಗೆ ಹೋಗಿ, ಅವಳ ಹೆಲ್ಮೆಟ್ ಮೇಲೆ ಕೈಯಿಟ್ಟು ನಿಂತ. ಗೆದ್ದವಳನ್ನು ಬಿಟ್ಟು ಸೋತವಳ ಹತ್ತಿರ ಅವನಿಗೇನು ಕೆಲಸ?

ಆಮೇಲೆ ಕಾರಿಗೆ ಒರಗಿ, ಫ್ರಾನ್ಸಿನಲ್ಲಿರುವ ತಂಗಿಯೊಂದಿಗೆ ಫೋನಿನಲ್ಲಿ ಫ್ರೆಂಚ್ ಮಾತಾಡಿದ. ಪಾರ್ಕಿಂಗ್‌ನಲ್ಲಿ ಓಡಾಡುವ ಕರಿ ಹಕ್ಕಿಗಳು ಅವನ ಹಳೆಯ ಮ್ಯಾನೇಜರನ ಹಾಗೆ ನಡೆಯುತ್ತವಂತೆ, ಎದೆ ಮುಂದೆ, ಕೆಲಸ ಮಾತ್ರ ಏನೂ ಇಲ್ಲ. ನಗು ಬಂದೇಬಿಟ್ಟಿತು. ಕೆಮ್ಮಿ ಮುಚ್ಚಿಕೊಂಡೆ.

ಮಾರ್ಚ್ 20, ಗುರುವಾರ

ಅವನು ತಂಗಿಯೊಂದಿಗೆ ಮೂಲಂಗಿ ಬೆಳೆಯ ಬಗ್ಗೆ ಮಾತಾಡಿದ. ನಿಜವಾಗಿ ಮೂಲಂಗಿಯೇ ಇರಬಹುದು.

ಮಾರ್ಚ್ 30, ಭಾನುವಾರ. ಯುಗಾದಿ. ಡಲ್ಲಾಸ್

ಚಿಕ್ಕಪ್ಪ ಸಂಘದ ಯುಗಾದಿ ಕಾರ್ಯಕ್ರಮದಲ್ಲಿದ್ದರು. ಸೆಕ್ರೆಟರಿ ಅವರೇ ಆದ್ದರಿಂದ ಬರಲಾಗಲಿಲ್ಲ. ಹಿಂದಿನ ಸಂಜೆಯೇ ಚಿಕ್ಕಮ್ಮ ಮಾಡಿದ್ದ ಹೋಳಿಗೆಯ ಡಬ್ಬಿಯೊಂದಿಗೆ ನಾವು ಹೊರಟೆವು.

ಡಬ್ಬಿ ನೋಡಿ ಗುಲ್ವೆನ್ ಒಂದು ಚೂರು ತಿಂದರು. ಇನ್ನೊಂದು ಚೂರು ತಿಂದರು. ಸುಮ್ಮನೆ ತಮ್ಮ ಅನ್ನದ ಪೊಟ್ಟಣಗಳನ್ನು ಪಕ್ಕಕ್ಕಿಟ್ಟು, ಹೋಳಿಗೆಯನ್ನು ಕಾಲು ಕಾಲು ಭಾಗ ಮಾಡಿ ಬೆಳ್ಳಿ ಹಾಳೆಯಲ್ಲಿ ಸುತ್ತಲು ನನಗೆ ಕಲಿಸಿದರು. ಒಂದು ಮೂಲೆಯನ್ನು ಕಿವಿಯ ಹಾಗೆ ಹೊರಗೆ ಬಿಡಬೇಕು. ಸವಾರಿ ಮಾಡುತ್ತಲೇ ಒಂದು ಕೈಯಲ್ಲಿ ಹಿಡಿದು, ಆ ಕಿವಿಯನ್ನು ಹಲ್ಲಿನಿಂದ ಎಳೆದರೆ ಬಿಚ್ಚಿಕೊಳ್ಳಬೇಕು. ನನ್ನ ಮೊದಲ ನಾಲ್ಕೈದನ್ನು ಬಿಚ್ಚಿ ನನ್ನ ಕೈಗೇ ವಾಪಸ್ ಕೊಟ್ಟರು. ನೀರಿನ ಬಾಟಲಿ ಕೊಡುವುದನ್ನೂ ಹೇಳಿಕೊಟ್ಟರು: ಕೈ ಚಾಚಿ ನಿಲ್ಲಬೇಕು, ಗಾಬರಿಯಾಗಬಾರದು, ಅವಳು ಹಿಡಿದ ಕೂಡಲೇ ಬಿಡಬೇಕು.

ರೇಸ್ ಇದ್ದದ್ದು ನಾನು ಓದುವಾಗ ರೈಲಿನಿಂದ ದಿನಾ ನೋಡುತ್ತಿದ್ದ ಆಫೀಸು ಕಟ್ಟಡಗಳ ನಡುವೆ, ಸುತ್ತಿ ಸುತ್ತಿ. ನಡುವೆ ದಿಯಾಳ ಮುಂದಿನ ಚಕ್ರ ಪಂಕ್ಚರ್ ಆಯಿತು. ಗುಲ್ವೆನ್ ಕೈಯೆತ್ತಿ ಒಂದು ಸನ್ನೆ ಮಾಡಿದರು, ಅಷ್ಟೇ. ಮುಂದೆ ಹೋಗುತ್ತಿದ್ದ ಮಾರಿಸೋಲ್ ನಿಂತುಬಿಟ್ಟಳು! ತನ್ನ ಮುಂದಿನ ಚಕ್ರ ಬಿಚ್ಚಿ ದಿಯಾಳಿಗೆ ಕೊಟ್ಟು, ಚಕ್ರವಿಲ್ಲದ ಸೈಕಲ್ ಹಿಡಿದು ದಾರಿಯ ಪಕ್ಕ ಉಳಿದಳು. ದಿಯಾ ಮೂರನೆಯವಳಾಗಿ ಬಂದಳು.

ನಾನು ಹೋಗಿ ಮಾರಿಸೋಲ್‌ಗೆ ಹೋಳಿಗೆ ಕೊಟ್ಟೆ. ಒಳಗೇನಿದೆ ಎಂದು ಕೇಳಿದಳು. ಬೇಳೆ ಎಂದೆ. ನಂಬಲಿಲ್ಲ. ಇನ್ನೊಂದು ಕೇಳಿದಳು.

ಈಗ ಮನೆಯಲ್ಲಿ ಕೂತು ಯೋಚಿಸಿದರೆ ಮತ್ತೆ ಅದೇ ಅನುಮಾನ. ಒಂದು ಸನ್ನೆಗೆ ಒಬ್ಬ ಹುಡುಗಿ ತನ್ನ ರೇಸನ್ನೇ ಬಿಟ್ಟುಕೊಡುತ್ತಾಳೆಂದರೆ, ಆ ಹುಡುಗಿಯರ ಮೇಲೆ ಈ ಮನುಷ್ಯನಿಗೆ ಎಂಥ ಹಿಡಿತ ಇರಬೇಕು? ಅದೂ ಚಿಕ್ಕಪ್ಪ ಬಾರದ ದಿನ. ಮನೆಯಲ್ಲಿ ಮೂರನೇ ಸ್ಥಾನ ಎಂದಷ್ಟೇ ಹೇಳಿದೆ.

ಏಪ್ರಿಲ್ 9, ಬುಧವಾರ

ಸಿಕ್ಕಿತು. ಫ್ರಾನ್ಸಿನ ಊರ ಪತ್ರಿಕೆಯೊಂದರ ಹಳೆಯ ಸುದ್ದಿ. ಗುಲ್ವೆನ್‌ನ ಸ್ವಂತ ಊರಿನ ಹತ್ತಿರದ ರೇಸ್. ಕೊನೆಗೆ ಮುಂದೆ ಉಳಿದವರು ಇಬ್ಬರೇ: ಇವನು, ಮತ್ತು ಬೇರೆ ತಂಡದ ಒಬ್ಬ. ಕೊನೆಯ ಗೆರೆಯ ಹತ್ತಿರ ಬಂದಾಗ ಇವನು ತುಳಿಯುವುದನ್ನೇ ನಿಲ್ಲಿಸಿದ. ಇನ್ನೊಬ್ಬ ಗೆದ್ದ. ಊರಿನ ಜನ ಶಿಳ್ಳೆ ಹಾಕಿ ಅವಮಾನ ಮಾಡಿದರಂತೆ. 'ಮಾರಿಕೊಂಡನೆ?' ಎಂದು ತಲೆಬರಹ. ಅವನು ಪತ್ರಿಕೆಗೆ ಏನೂ ಹೇಳಲಿಲ್ಲವಂತೆ.

ಅದರ ಮರುವರ್ಷವೇ ಆ ಖಾಲಿ ವರ್ಷ.

ಇಂಜೆಕ್ಷನ್ ಅಲ್ಲ ಹಾಗಾದರೆ. ಗೆಲುವನ್ನು ಮಾರುವವನು.

ಏಪ್ರಿಲ್ 19, ಶನಿವಾರ

ಗ್ಯಾರೇಜಿನಲ್ಲಿ ನಾನು ಹೋಳಿಗೆ ಸುತ್ತುತ್ತಿದ್ದೆ. (ಪ್ರತಿ ವಾರ ಮಾಡಬೇಕೆಂದು ಹುಡುಗಿಯರು ಚಿಕ್ಕಮ್ಮನಿಗೆ ಸಂದೇಶ ಕಳಿಸಿದ್ದಾರೆ.) ಅವನು ನನ್ನಿಂದ ಎರಡು ಮಾರು ದೂರದಲ್ಲಿ ಸರಪಳಿಗೆ ಎಣ್ಣೆ ಹಾಕುತ್ತ, ಸ್ಪೀಕರ್‌ನಲ್ಲಿ ತಂಗಿಯೊಂದಿಗೆ ಮಾತಾಡುತ್ತಿದ್ದ. ಕೇಳಿದ್ದನ್ನು ಹಾಗೇ ಬರೆಯುತ್ತೇನೆ:

"ಆಸ್ಟಿನ್‌ನಲ್ಲಿ ದಿಯಾ ಗೆಲ್ಲುವುದಿಲ್ಲ. ಅದು ಮಾರಿಸೋಲ್‌ಳದು. ಮಾತಾಗಿದೆ, ದಿಯಾ ಒಪ್ಪಿದ್ದಾಳೆ. ಅವಳ ಅಪ್ಪನಿಗೆ ಮಾತ್ರ ಇದು ಅರ್ಥವಾಗುವುದಿಲ್ಲ. ಶಿಳ್ಳೆ ಹಾಕುವವರ ಪೈಕಿ ಅವನು."

ನನ್ನ ಕೈಯಲ್ಲಿದ್ದ ಹಾಳೆ ಹರಿಯಿತು. ಅವನು ತಿರುಗಿ ನೋಡಿ, ಇನ್ನೊಂದು ಹಾಳೆ ಹರಿದುಕೊಟ್ಟ.

ಏಪ್ರಿಲ್ 20, ಭಾನುವಾರ

ಚಿಕ್ಕಪ್ಪನಿಗೆ ಹೇಳಿದೆ. ಪತ್ರಿಕೆಯ ಸುದ್ದಿ, ಫೋನಿನ ಮಾತು, ಎರಡನ್ನೂ. ದಿಯಾ ಒಪ್ಪಿದ್ದಾಳೆ ಎಂಬುದನ್ನು ಮಾತ್ರ ಬಿಟ್ಟೆ. ಸುಮ್ಮನೆ ಅವಳ ಮೇಲೆ ರೇಗುತ್ತಾರೆ. ಅವಳ ಒಳ್ಳೆಯದಕ್ಕೇ ಬಿಟ್ಟದ್ದು.

ಚಿಕ್ಕಪ್ಪ ಅಲ್ಲೇ ಫೋನ್ ಮಾಡಿದರು. ನಾಳೆಯಿಂದ ನನ್ನ ಮಗಳಿಗೆ ನೀನು ಕೋಚ್ ಅಲ್ಲ, ಅವಳೊಂದಿಗೆ ಮಾತಾಡಿದರೆ ಚೆನ್ನಾಗಿರುವುದಿಲ್ಲ ಎಂದರು. ಆ ಕಡೆಯವನು ವಾದಿಸಲಿಲ್ಲ. ವಾದಿಸದೇ ಇದ್ದದ್ದೇ ಚಿಕ್ಕಪ್ಪನಿಗೆ ಸಾಕ್ಷಿಯಾಯಿತು.

"ನೋಡ್ದ್ಯಾ? ಒಂದು ಮಾತು ಆಡ್ಲಿಲ್ಲ."

ಹೆಸರು ಕೊಟ್ಟಾಗಿರುವುದರಿಂದ ಆಸ್ಟಿನ್ ರೇಸ್‌ಗೆ ದಿಯಾ ಹೋಗುತ್ತಾಳೆ, ಆದರೆ ತನಗಾಗಿ ಮಾತ್ರ. ಬಾಟಲಿ ಕೊಡುವವಳು ನಾನು. ಚಿಕ್ಕಪ್ಪ ಬೆನ್ನು ತಟ್ಟಿ "ಭೇಷ್" ಎಂದರು. ಈ ಮನೆಗೆ ಬಂದ ಮೇಲೆ ಮೊದಲ ಸಲ.

ದಿಯಾ ಮಹಡಿಯಿಂದ ಇಳಿದು ಬಂದು ನನ್ನ ಮುಂದೆ ನಿಂತಳು. ಅತ್ತಿರಲಿಲ್ಲ. "ಯು ಸ್ಪೀಕ್ ಫ್ರೆಂಚ್" ಎಂದಳು. ಆಮೇಲೆ, ಅಪ್ಪನಿಗೂ ತಟ್ಟಲಿ ಎಂದೋ ಏನೋ, ಕನ್ನಡದಲ್ಲಿ: "ನನ್ನ ಕೇಳ್ಬೋದಿತ್ತಲ್ಲಾ ಅಕ್ಕ."

ಏಪ್ರಿಲ್ 24, ಗುರುವಾರ

ದಿಯಾ ಮಾತಾಡುತ್ತಿಲ್ಲ. ಹೋಳಿಗೆಯನ್ನೂ ಮುಟ್ಟಿಲ್ಲ.

ಏಪ್ರಿಲ್ 29, ಮಂಗಳವಾರ

ಗುಲ್ವೆನ್ ಕೊಟ್ಟಿದ್ದ ಎರಡು ಚಕ್ರಗಳನ್ನು ಹಿಂದಿರುಗಿಸಿ ಬರಲು ಚಿಕ್ಕಪ್ಪ ನನ್ನನ್ನು ಕಳಿಸಿದರು. ಬಾಗಿಲಲ್ಲಿ ಇಟ್ಟು ಓಡಿಬರುವುದೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವರು ಗ್ಯಾರೇಜಿನಲ್ಲೇ ಇದ್ದರು. ಫ್ರೆಂಚಿನಲ್ಲಿ, ನಿಧಾನವಾಗಿ, "ಬನ್ನಿ, ಒಳಗೆ ನೆರಳಿದೆ" ಎಂದರು.

ನಾನು ನಿಂತಲ್ಲೇ ನಿಂತೆ.

"ಹ್ಯೂಸ್ಟನ್‌ನಲ್ಲಿ ಹಕ್ಕಿಯ ವಿಷಯಕ್ಕೆ ನಕ್ಕಿರಿ. ಕೆಮ್ಮು ಹಾಗಿರುವುದಿಲ್ಲ" ಎಂದರು.

"ಹಾಗಾದರೆ ನನ್ನೆದುರು ಯಾಕೆ ಮಾತಾಡಿದಿರಿ?" ನನ್ನ ಫ್ರೆಂಚ್ ಕುಂಟುತ್ತಿತ್ತು.

"ಮುಚ್ಚಿಡುವಂಥದ್ದು ಏನಿತ್ತು? ಪೂರ್ತಿ ಕೇಳಿಸಿಕೊಳ್ಳುತ್ತೀರಿ ಎಂದುಕೊಂಡೆ."

ಪೂರ್ತಿಯೇ ಕೇಳಿಸಿಕೊಂಡಿದ್ದೆ. ಅದನ್ನು ಹೇಳಲಿಲ್ಲ.

ಚಕ್ರವನ್ನು ಗೋಡೆಯ ಕೊಕ್ಕೆಗೆ ಹಾಕುತ್ತ ಅವರೇ ಮಾತಾಡಿದರು. ಹ್ಯೂಸ್ಟನ್ ಬಯಲು, ಅದು ದಿಯಾಳ ಜಾಗ. ಹಾಗಾಗಿ ಮಾರಿಸೋಲ್ ಗಾಳಿಗೆ ಎದೆ ಕೊಟ್ಟಳು. ಡಲ್ಲಾಸ್‌ನಲ್ಲಿ ಚಕ್ರ ಕೊಟ್ಟಳು. ಆಸ್ಟಿನ್‌ನಲ್ಲಿ ದಿಬ್ಬಗಳಿವೆ, ದಿಬ್ಬ ಮಾರಿಸೋಲ್‌ಳದು. ಈ ಸಲ ಗಾಳಿ ದಿಯಾಳ ಪಾಲು. ಇದು ಮಾರಾಟವಲ್ಲ, ಇದೇ ಈ ಕೆಲಸ ಎಂದರು. "ನಾನು ಹನ್ನೊಂದು ವರ್ಷ ಮಾಡಿದ್ದು ಇಷ್ಟೇ. ಕೊನೆಯ ದಿಬ್ಬದವರೆಗೆ ಬೇರೆಯವರ ಮುಂದೆ ಇರುವುದು. ಆಮೇಲೆ ನನ್ನ ಕೆಲಸ ಮುಗಿಯಿತು. ಎಷ್ಟೋ ಸಲ ಅಲ್ಲೇ ಇಳಿದು ತಂಡದ ಕಾರು ಹತ್ತುತ್ತಿದ್ದೆ."

'ಮುಗಿಸಲಿಲ್ಲ.'

ಶಿಳ್ಳೆಯ ಬಗ್ಗೆ ಕೇಳಿದೆ. ಎರಡನೇ ಚಕ್ರವನ್ನೂ ಕೊಕ್ಕೆಗೆ ಹಾಕಿ ಹೇಳಿದರು. ಗೆದ್ದವನು ಬೇರೆ ತಂಡದವನು. ಹಿಂದಿನ ವರ್ಷ ಮಳೆಯಲ್ಲಿ ಬೆಟ್ಟ ಇಳಿಯುವಾಗ ಇವರು ಕಂದಕಕ್ಕೆ ಬಿದ್ದಿದ್ದರಂತೆ. ಯಾರೂ ನೋಡಲಿಲ್ಲ, ಅವನೊಬ್ಬ ನೋಡಿದ. ತನ್ನ ರೇಸ್ ಬಿಟ್ಟು, ಆಂಬುಲೆನ್ಸ್ ಬರುವವರೆಗೆ ಇವರ ತಲೆ ಹಿಡಿದು ಕೂತಿದ್ದ.

"ಅದನ್ನು ಪತ್ರಿಕೆಗೆ ಹೇಳಬಹುದಿತ್ತು. ನಿಮ್ಮ ಕೆಲಸವಾದರೂ ಉಳಿಯುತ್ತಿತ್ತು."

"ಹೇಳಿದ್ದರೆ ಅವನ ಗೆಲುವು ಗೆಲುವಾಗಿ ಉಳಿಯುತ್ತಿತ್ತೆ? ಕೊಟ್ಟದ್ದನ್ನು ಎಲ್ಲರೆದುರು ವಾಪಸ್ ಕಿತ್ತುಕೊಂಡ ಹಾಗೆ."

ಇದೂ ಕಟ್ಟಿದ ಕತೆ ಇರಬಹುದು. ಸಾಕ್ಷಿಗೆ ಯಾರಿದ್ದಾರೆ? ಬರುವಾಗ ಕಾರಿನಲ್ಲಿ ಹೀಗೆ ನನಗೆ ನಾನೇ ಎರಡು ಮೂರು ಸಲ ಹೇಳಿಕೊಂಡೆ. ಟೋಲ್ ರಸ್ತೆಯ ತಿರುವು ತಪ್ಪಿ ಎಲ್ಲಿಗೋ ಹೋಗಿ ಬಂದೆ.

ಸಂಜೆ ದಿಯಾಳ ಬಾಗಿಲು ತಟ್ಟಿದೆ. "ಚಿಕ್ಕಪ್ಪನಿಗೆ ಎಲ್ಲಾ ಬಿಡಿಸಿ ಹೇಳ್ಲಾ?"

"ಡೋಂಟ್!" ಎಂದಳು. "ಅಪ್ಪ ಆ ಕಾಲೇಜಿನವರ ಹತ್ರ ಹೋಗಿ ಹೇಳ್ತಾರೆ, ನನ್ ಮಗಳು ಬಿಟ್ಕೊಟ್ಳು ಅಂತ. ಮಾರಿಸೋಲ್‌ಗೆ ಏನುಳಿಯುತ್ತೆ?"

ಬಾಗಿಲು ಹಾಕಿಕೊಂಡಳು. ಹತ್ತು ದಿನದಲ್ಲಿ ನನ್ನೊಂದಿಗೆ ಆಡಿದ ಮೊದಲ ಮಾತು.

ಮೇ 4, ಭಾನುವಾರ. ಆಸ್ಟಿನ್

ಊರಿನ ಪಶ್ಚಿಮದ ದಿಬ್ಬಗಳು. ಬೆಳಗ್ಗೆಯೇ ಸೆಕೆ, ಜೊತೆಗೆ ಬಿಸಿ ಗಾಳಿ. ಚಿಕ್ಕಪ್ಪ ಮೇಲೆ, ಕೊನೆಯ ಗೆರೆಯ ಹತ್ತಿರ, ಕಾಲೇಜಿನವರ ಪಕ್ಕದಲ್ಲೇ ಜಾಗ ಹಿಡಿದರು. ನಾನು ದಿಬ್ಬದ ಕೆಳಗೆ ಬಾಟಲಿ ಹಿಡಿದು ನಿಂತೆ, ಪಕ್ಕದಲ್ಲಿ ಇರಣ್ಣ ಅಂಕಲ್. ರಸ್ತೆಯ ಆಚೆ ಬದಿಯಲ್ಲಿ, ಓಕ್ ಮರದ ಕೆಳಗೆ, ಮಾರಿಸೋಲ್‌ಳ ಬಾಟಲಿ ಹಿಡಿದು ಗುಲ್ವೆನ್ ನಿಂತಿದ್ದರು. ಚಿಕ್ಕಪ್ಪ ಹೇಳಿದ್ದ ಹಾಗೆ ಈ ಕಡೆ ಬರಲಿಲ್ಲ.

ಚಿಕ್ಕಪ್ಪ ನನಗೆ ಸ್ಪಷ್ಟವಾಗಿ ಹೇಳಿದ್ದರು: "ಕೊನೇ ಬಾಟ್ಲಿ ಕೊಡುವಾಗ ಹೇಳು. ಯಾರಿಗೂ ಕಾಯ್ಬೇಡ, ಹಿಂದೆ ನೋಡ್ಬೇಡ, ನೀನೊಬ್ಳೇ ಹೋಗು ಅಂತ. ಅಪ್ಪ ಹೇಳಿದ್ದು ಅನ್ನು."

ಕೊನೆಯ ಸುತ್ತಿಗೆ ಅವರು ಬಂದರು. ಆರೇಳು ಹುಡುಗಿಯರು, ಮುಂದೆ ದಿಯಾ, ಅವಳ ಚಕ್ರಕ್ಕೆ ಅಂಟಿದಂತೆ ಮಾರಿಸೋಲ್. ಅವರ ಎಡಗಡೆಯಿಂದ ಬೀಸುವ ಗಾಳಿಗೆ ನನ್ನ ಅಂಗಿ ಪಟಪಟ ಹೊಡೆದುಕೊಳ್ಳುತ್ತಿತ್ತು. ಆ ಗಾಳಿ ನೇರ ಮಾರಿಸೋಲ್‌ಳ ಮೇಲೆ ಬೀಳುತ್ತಿತ್ತು. ಅವಳು ದಿಯಾಳ ತಪ್ಪು ಬದಿಯಲ್ಲಿದ್ದಳು. ಕೈ ಚಾಚಿದೆ. ದಿಯಾ ಬಾಟಲಿ ಹಿಡಿದಳು. ಬಿಟ್ಟೆ.

"ಗಾಳಿ ಎಡಗಡೆಯಿಂದ ಕಣೇ! ಮಾರಿಸೋಲ್‌ನ ಬಲಕ್ಕೆ ಇಟ್ಕೋ! ಬಲಕ್ಕೆ!"

ಕನ್ನಡದಲ್ಲೇ ಕೂಗಿದೆ. ಉಳಿದ ತಂಡಗಳವರಿಗೆ ತಿಳಿಯಬಾರದಲ್ಲ. ದಿಯಾ ಒಂದು ಕ್ಷಣ ತಿರುಗಿ ನೋಡಿ, ಕೈ ಸನ್ನೆ ಮಾಡಿ ರಸ್ತೆಯ ಎಡಕ್ಕೆ ಸರಿದಳು. ಮಾರಿಸೋಲ್ ಬಲಕ್ಕೆ ಬಂದು ಅವಳ ಮರೆಯಲ್ಲಿ ಸೇರಿಕೊಂಡಳು. ಹಾಗೇ ದಿಬ್ಬ ಹತ್ತಿದರು.

"ಅಯ್ಯ ಇವಳವ್ನ! ಈ ದನಿ ಇಷ್ಟು ದಿನ ಎಲ್ಲಿಟ್ಟಿದ್ದಿ?" ಎಂದರು ಇರಣ್ಣ ಅಂಕಲ್, ಕಿವಿ ಉಜ್ಜಿಕೊಳ್ಳುತ್ತ. ಗಂಟಲು ಈಗಲೂ ನೋಯುತ್ತಿದೆ. ಧೂಳಿರಬೇಕು.

ಗುಲ್ವೆನ್‌ಗೆ ಕನ್ನಡ ಬರುವುದಿಲ್ಲ. ಆದರೂ ರಸ್ತೆಯ ಆಚೆಯಿಂದ ಫ್ರೆಂಚಿನಲ್ಲಿ ನನಗೆ ಒಂದೇ ಒಂದು ವಾಕ್ಯ ಹೇಳಿದರು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ.

ಮಾರಿಸೋಲ್ ಗೆದ್ದಳು. ದಿಯಾ ಆರನೆಯವಳಾಗಿ ಬಂದಳು, ಬಂದವಳು ಸೈಕಲ್ ಸಮೇತ ಹುಲ್ಲಿನ ಮೇಲೆ ಬಿದ್ದಳು. ಕಾಲೇಜಿನವರು ಮಾರಿಸೋಲ್‌ಳ ಸುತ್ತ ನಿಂತರು. ಚಿಕ್ಕಪ್ಪ ಫೋನನ್ನು ಜೇಬಿಗೆ ಹಾಕಿಕೊಂಡರು.

ಮನೆಗೆ ಬರುವ ದಾರಿಯಲ್ಲಿ ನಾನೂ ದಿಯಾಳೂ ಹಿಂದಿನ ಸೀಟಿನಲ್ಲಿ ಕೂತಿದ್ದೆವು. ಸಿಗ್ನಲ್‌ನಲ್ಲಿ ಕಾರು ನಿಂತಾಗ ಚಿಕ್ಕಪ್ಪ ಕೇಳಿದರು.

"ತುಂಗಾ, ಅವಳಿಗೆ ಹೇಳಿದ್ಯಾ?"

"ಹೇಳಿದೆ ಚಿಕ್ಕಪ್ಪ."

"ನಾನು ಹೇಳಿದ್ದನ್ನೇ?"

ವಿವರಿಸಬಹುದಿತ್ತು. ಮಾತು ಬರದೆ ಅಲ್ಲ, ಎಲ್ಲ ನಾಲಗೆಯ ತುದಿಯಲ್ಲೇ ಇತ್ತು.

"ಅವನೇನಾದ್ರೂ ನಿನ್ ಹತ್ರ ಮಾತಾಡಿದ್ನಾ?"

ನಾನು ಕಿಟಕಿಯ ಹೊರಗೆ ನೋಡಿದೆ. ಸಿಗ್ನಲ್ ಹಸಿರಾಯಿತು. ಹಿಂದಿನ ಕಾರಿನವನು ಹಾರ್ನ್ ಹೊಡೆದರೂ ಚಿಕ್ಕಪ್ಪ ತಕ್ಷಣ ಹೊರಡಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮೇಲೇ ಇತ್ತು. ಎರಡು ತಿಂಗಳು ನಾನು ಗ್ಯಾರೇಜಿನ ಮೂಲೆಯಿಂದ ನೋಡುತ್ತಿದ್ದೆನಲ್ಲ, ಹಾಗೇ.

ಪಕ್ಕದಲ್ಲಿ ದಿಯಾ, ಬೆವರು ಒಣಗಿ ಉಪ್ಪಾದ ಮುಖದವಳು, ಕಣ್ಣು ಮುಚ್ಚಿಕೊಂಡೇ ಬೆನ್ನಿನ ಜೇಬಿಗೆ ಕೈ ಹಾಕಿದಳು. ಬಿಸಿಲಿಗೆ ಮೆತ್ತಗಾದ ಹೋಳಿಗೆಯ ಪೊಟ್ಟಣವೊಂದನ್ನು ನನ್ನ ಅಂಗೈಯಲ್ಲಿಟ್ಟು, ಕೈಯನ್ನು ಹಾಗೇ ಬಿಟ್ಟಳು.

ಇನ್ನೊಂದು ಕೈಯಿಂದ ಅದನ್ನು ಬಾಯಿಯ ಹತ್ತಿರ ತಂದು, ಹೊರಗೆ ಬಿಟ್ಟಿದ್ದ ಕಿವಿಯನ್ನು ಹಲ್ಲಿನಿಂದ ಎಳೆದೆ. ಸಲೀಸಾಗಿ ಬಿಚ್ಚಿಕೊಂಡಿತು.